ಆಮ್ಲಜನಕವೂ ಒಂದು ಔಷಧ

ಕಳೆದ ಚಳಿಗಾಲದಲ್ಲಿ ನಮ್ಮ ದಾದಾ ಅವರನ್ನು ಕೋಲಾರದ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಅವರು ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹೊಗೆ, ದೂಳಿನಲ್ಲಿ ದುಡಿದವರು. ಜೊತೆಗೆ ಬೀಡಿಯ ಚಟ. ವೈದ್ಯರು ಸಿಒಪಿಡಿ ಎಂದರು. ಅಂದರೆ ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ.

ಒಂದು ರಾತ್ರಿ ದಾದಾ ಏದುಸಿರು ಬಿಡುತ್ತಿದ್ದರು. ಆಮ್ಲಜನಕದ ಮೀಟರ್ ನಿಮಿಷಕ್ಕೆ 2 ಲೀಟರ್ ತೋರಿಸುತ್ತಿತ್ತು. ಹೆಚ್ಚು ಕೊಟ್ಟರೆ ಬೇಗ ಸರಿಹೋಗುತ್ತದೆಂದು ನಾನೇ 6ಕ್ಕೆ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಅವರು ಸುಮ್ಮನಾದರು. ನಿದ್ದೆ ಬಂತೆಂದು ಅಮ್ಮಿ ಅಲ್ಲಾಹನಿಗೆ ಶುಕ್ರ್ ಹೇಳಿದರು. ಆದರೆ ಸಿಸ್ಟರ್ ಬಂದು ಕರೆದಾಗ ದಾದಾ ಸರಿಯಾಗಿ ಉತ್ತರಿಸಲಿಲ್ಲ. ಅದು ನಿದ್ದೆಯಲ್ಲ, ಮಂಪರು! ಸಿಸ್ಟರ್ ವೈದ್ಯರನ್ನು ಕರೆಸಿ, ಪ್ರಮಾಣ ತಗ್ಗಿಸಿ, ಅವರನ್ನು ಎತ್ತಿ ಕೂರಿಸಿದರು. ಬೆಳಗಿನ ಹೊತ್ತಿಗೆ ದಾದಾ ಚಹಾ ಕೇಳಿದರು.

ಸಿಸ್ಟರ್ ನನ್ನನ್ನು ಬೈಯಲಿಲ್ಲ, ಪಾಠ ಹೇಳಿದರು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1. ಪ್ರಮಾಣ: ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕ ಶೇ. 95ಕ್ಕಿಂತ ಹೆಚ್ಚಿರುತ್ತದೆ. ಸಿಒಪಿಡಿ ರೋಗಿಗಳಿಗೆ ಸಾಮಾನ್ಯವಾಗಿ ಶೇ. 88ರಿಂದ 92 ಸಾಕು. ಅತಿಯಾದರೆ ಅವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಎಷ್ಟು ಕೊಡಬೇಕೆಂದು ವೈದ್ಯರೇ ಹೇಳಬೇಕು.

2. ಭಂಗಿ: ಅಂಗಾತ ಮಲಗಿಸಬಾರದು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಬೇಕು.

3. ಉಸಿರು: ಮೂಗಿನಿಂದ ಎಳೆದುಕೊಂಡು, ದೀಪ ಆರಿಸುವಂತೆ ತುಟಿ ಕೂಡಿಸಿ ನಿಧಾನವಾಗಿ ಬಿಡಿಸಬೇಕು.

4. ಚರ್ಮ: ನಳಿಕೆ ಒತ್ತುವ ಮೂಗು, ಕಿವಿಯ ಹಿಂಭಾಗದಲ್ಲಿ ಹುಣ್ಣಾಗಿದೆಯೇ ಎಂದು ದಿನವೂ ನೋಡಬೇಕು. ಅಲ್ಲಿ ವ್ಯಾಸಲಿನ್, ಎಣ್ಣೆ ಹಚ್ಚಬಾರದು.

5. ಬೆಂಕಿ: ಆಮ್ಲಜನಕದ ಹತ್ತಿರ ಬೀಡಿ, ಒಲೆ, ಊದುಬತ್ತಿ ಯಾವುದೂ ಕೂಡದು.

ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಮಾತಾಡಲಾಗದಿದ್ದರೆ, ಮಂಪರು ಕವಿದರೆ ಕೂಡಲೇ 108ಕ್ಕೆ ಕರೆ ಮಾಡಿ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಆದ್ದರಿಂದ ಒಂದು ಲೆಕ್ಕ: 1,500 ಲೀಟರಿನ ಚಿಕ್ಕ ಸಿಲಿಂಡರ್, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡೂವರೆ ಗಂಟೆ ಬರುತ್ತದೆ. 6 ಲೀಟರಿನಂತೆ ಕೇವಲ 4 ಗಂಟೆ 10 ನಿಮಿಷ. 2021ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಆಮ್ಲಜನಕ ಸಿಗದೆ ರೋಗಿಗಳು ತೀರಿಕೊಂಡದ್ದನ್ನು ನಾವು ಮರೆತಿಲ್ಲ. ಅಂದು ನಾನು ಹೆಚ್ಚಿಸಿದ 4 ಲೀಟರ್ ದಾದಾ ಅವರಿಗೆ ಅಪಾಯ ತಂದಿತ್ತು. ಅದೇ 4 ಲೀಟರ್ ಇನ್ನಿಬ್ಬರಿಗೆ ಉಸಿರಾಗುತ್ತಿತ್ತು.

ದಾದಾ ಈಗ ಮನೆಯಲ್ಲಿದ್ದಾರೆ. ಬೀಡಿ ಬಿಟ್ಟಿದ್ದಾರೆ. ಗುರುವಾರದ ಲೋಬಾನವನ್ನೂ ಅಮ್ಮಿ ನಿಲ್ಲಿಸಿದ್ದಾರೆ. ಆಮ್ಲಜನಕದ ಗುಂಡಿಯನ್ನು ಮಾತ್ರ ವೈದ್ಯರನ್ನು ಕೇಳದೆ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ.