ಪಿಕಪ್ ವಾಹನದ ಮುಂಗಾಲಿ ಆರ್ಮ್ ಬದಲಾಯಿಸುವ ಕ್ರಮ

ಬೆಳೆ ಬೆಳೆದರಷ್ಟೇ ಸಾಲದು, ಅದು ಕೆಡುವ ಮುನ್ನ ಪೇಟೆ ಸೇರಬೇಕು. ಬೇಸಾಯ ಶಾಸ್ತ್ರದವನು ವಾಹನದ ವಿಷಯ ಬರೆಯಲು ಇದೇ ಕಾರಣ. ಕೋಲಾರದ ಮಾರುಕಟ್ಟೆಗೆ 15 ಕೆ.ಜಿ.ಯ 100 ಟೊಮ್ಯಾಟೊ ಬಾಕ್ಸ್ ಹೇರಿದರೆ ಹಣ್ಣಿನ ತೂಕವೇ 1500 ಕೆ.ಜಿ. ಆಗುತ್ತದೆ. ಇದರ ಬಹುಪಾಲು ಹಿಂದಿನ ಗಾಲಿಗಳ ಮೇಲೆ ಬೀಳುವುದು ನಿಜ. ಆದರೆ ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುವ ಭಾರವನ್ನೂ ಗುಂಡಿಯ ಹೊಡೆತವನ್ನೂ ಮುಂಗಾಲಿಯ ಆರ್ಮ್‌ಗಳು ತಾಳಿಕೊಳ್ಳಬೇಕಾಗುತ್ತದೆ.

ಆರ್ಮ್‌ನ ಒಂದು ತುದಿ ರಬ್ಬರ್ ಬುಷ್‌ಗಳ ಮೂಲಕ ಚಾಸಿಗೂ, ಇನ್ನೊಂದು ತುದಿ ಬಾಲ್ ಜಾಯಿಂಟ್ ಮೂಲಕ ಗಾಲಿಯ ನಕಲ್‌ಗೂ ಸೇರಿರುತ್ತದೆ. ಮುಂದೆಯೂ ಪಟ್ಟಿ ಸ್ಪ್ರಿಂಗ್ ಮತ್ತು ಒಂದೇ ಅಚ್ಚು ಇರುವ ವಾಹನಗಳಲ್ಲಿ ಈ ಆರ್ಮ್‌ಗಳಿರುವುದಿಲ್ಲ. ಮೊದಲು ಬಗ್ಗಿ ನೋಡಿ.

ಗುಂಡಿಯಲ್ಲಿ ಟಕ್ ಎಂಬ ಸದ್ದು, ಬ್ರೇಕ್ ಹಾಕಿದಾಗ ಒಂದು ಬದಿಗೆ ಎಳೆತ, ಟೈರಿನ ಒಂದೇ ಅಂಚು ಸವೆಯುವುದು, ಇವು ಲಕ್ಷಣಗಳು. ಗಾಲಿಯನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ. ಮತ್ತೊಬ್ಬರು ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ದೋಷ ಗಾಲಿಯ ಬೇರಿಂಗಿನದು. ನಿಲ್ಲದಿದ್ದರೆ ಬಾಲ್ ಜಾಯಿಂಟನ್ನು ಸಂಶಯಿಸಬೇಕು. ಅದು ಕಳಚಿದರೆ ಗಾಲಿ ಮಡಚಿಕೊಂಡು ವಾಹನ ಹಿಡಿತ ತಪ್ಪುತ್ತದೆ. ಅಂಥ ವಾಹನದಲ್ಲಿ ಕೂಲಿಯಾಳುಗಳನ್ನು ಕೂರಿಸಿಕೊಂಡು ಹೊರಡುವುದು ಯಾವ ಕಾರಣಕ್ಕೂ ಸಲ್ಲದು.

ಮನೆಯಲ್ಲಿ ಮಾಡಬಹುದೇ? ಅದು ಸ್ಪ್ರಿಂಗ್ ಯಾವುದೆಂಬುದರ ಮೇಲೆ ನಿಂತಿದೆ. ಸುರುಳಿ ಸ್ಪ್ರಿಂಗ್ ನೇರವಾಗಿ ಕೆಳ ಆರ್ಮ್ ಮೇಲೆ ಕುಳಿತಿದ್ದರೆ ಮಾಡಬೇಡಿ. ಒತ್ತಿ ಕುಳಿತ ಆ ಸ್ಪ್ರಿಂಗ್ ಚಿಮ್ಮಿದರೆ ಪ್ರಾಣಕ್ಕೇ ಅಪಾಯ. ಅದು ಗ್ಯಾರೇಜಿನ ಕೆಲಸ. ಉದ್ದನೆಯ ತಿರುಚು ಸರಳು ಇದ್ದರೆ ಅದರ ಹೊಂದಾಣಿಕೆ ಬೋಲ್ಟನ್ನು ಗುರುತು ಹಾಕಿ, ಸುತ್ತು ಎಣಿಸಿ, ಪೂರ್ತಿ ಸಡಿಲಿಸಿದ ನಂತರವೇ ಆರ್ಮ್ ಮುಟ್ಟಬೇಕು. ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್ ಜೊತೆ ಒಂದೇ ಘಟಕವಾಗಿದ್ದರೆ ಕೆಲಸ ಸುಲಭ, ಆದರೆ ಆ ಘಟಕದ ಮೇಲ್ತುದಿಯ ನಡು ನಟ್ಟನ್ನು ಬಿಚ್ಚಬಾರದು.

ಹೊಲದ ಮಣ್ಣಿನಲ್ಲಿ ಜಾಕ್ ಕುಸಿಯುತ್ತದೆ. ಸಮತಟ್ಟಾದ ಕಾಂಕ್ರೀಟ್ ಕಣವೇ ಯೋಗ್ಯ. ಹಿಂಗಾಲಿಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಚಾಸಿಯ ಕೆಳಗೆ ಗಟ್ಟಿ ಕಬ್ಬಿಣದ ಸ್ಟ್ಯಾಂಡು ಇಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬಾರದು. ಸಿಮೆಂಟ್ ಇಟ್ಟಿಗೆಯೂ ಬೇಡ, ಅದು ಮುನ್ಸೂಚನೆಯಿಲ್ಲದೆ ಸಿಡಿಯುತ್ತದೆ.

ಗಾಲಿ ಬಿಚ್ಚಿ, ಬಾಲ್ ಜಾಯಿಂಟಿನ ಸ್ಪ್ಲಿಟ್ ಪಿನ್ ತೆಗೆದು, ನಟ್ಟನ್ನು ಸಡಿಲಿಸಿ; ಆದರೆ ಕೆಲವು ಸುತ್ತು ಉಳಿಸಿರಿ. ನಕಲ್‌ನ ಪಕ್ಕಕ್ಕೆ ಸುತ್ತಿಗೆಯಿಂದ ಬಲವಾಗಿ ಹೊಡೆದರೆ ಓರೆಯಾದ ಕಂಬಿ ಬಿಡುತ್ತದೆ. ಕಂಬಿಯ ತುದಿಗೆ ಹೊಡೆದರೆ ಮರೆ ಕೆಡುತ್ತದೆ. ನಕಲ್ ಬ್ರೇಕ್ ಪೈಪಿನ ಮೇಲೆ ಜೋತಾಡದಂತೆ ತಂತಿಯಿಂದ ಕಟ್ಟಿ. ಆರ್ಮ್ ಬೋಲ್ಟುಗಳಲ್ಲಿ ಹೊಂದಾಣಿಕೆ ಬಿಲ್ಲೆಗಳಿದ್ದರೆ ಸ್ಥಾನ ಗುರುತಿಸಿ ಆಮೇಲೆ ಬಿಚ್ಚಿ.

ಹೊಸ ಆರ್ಮ್ ಕೂರಿಸುವಾಗ ಓರೆ ಕಂಬಿಗೆ ಗ್ರೀಸ್ ಹಚ್ಚದೆ ಒಣಗಿಸಿ ಒರೆಸಬೇಕು. ಪಿನ್ನಿನ ತೂತು ಕೂಡದಿದ್ದರೆ ನಟ್ಟನ್ನು ಇನ್ನೂ ಸ್ವಲ್ಪ ಬಿಗಿಸಿ, ಹಿಂದಕ್ಕೆ ತಿರುಗಿಸಬೇಡಿ. ಪಿನ್ ಹೊಸದೇ ಆಗಿರಲಿ.

ಬುಷ್ ಬೋಲ್ಟುಗಳ ವಿಷಯದಲ್ಲಿ ಅನುಭವಿಗಳೂ ಎಡವುತ್ತಾರೆ. ಬುಷ್‌ನ ಒಳಕೊಳವೆಯನ್ನು ಬೋಲ್ಟು ಬಿಗಿಯಾಗಿ ಹಿಡಿದಿರುತ್ತದೆ. ಆರ್ಮ್ ಆಡಿದಾಗ ತಿರುಚುವುದು ರಬ್ಬರ್ ಮಾತ್ರ. ಗಾಲಿ ಜೋತಾಡುವಾಗಲೇ ಬೋಲ್ಟು ಪೂರ್ತಿ ಬಿಗಿಸಿದರೆ, ವಾಹನ ಇಳಿಸಿದೊಡನೆ ರಬ್ಬರ್ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡೇ ಉಳಿಯುತ್ತದೆ. ಗುಂಡಿ ಬಂದಾಗ ಇನ್ನಷ್ಟು ತಿರುಚಿ ಬೇಗ ಹರಿಯುತ್ತದೆ. ಬಳಿಕ ಅಂಗಡಿಯವನು ಕಳಪೆ ಮಾಲು ಕೊಟ್ಟನೆಂದು ದೂರುತ್ತೇವೆ! ಆದ್ದರಿಂದ ಆ ಬೋಲ್ಟುಗಳನ್ನು ಅಳ್ಳಕವಾಗಿ ಹಾಕಿ, ಬಿಚ್ಚಿದ ಸರಳನ್ನು ಗುರುತಿಗೆ ತಂದು, ಗಾಲಿ ಜೋಡಿಸಿ ನೆಲಕ್ಕಿಳಿಸಿ, ವಾಹನವನ್ನು ಒಂದೆರಡು ಬಾರಿ ಅದುಮಿ, ಅದರ ತೂಕ ಗಾಲಿಯ ಮೇಲೆ ಇರುವಾಗಲೇ ಟಾರ್ಕ್ ರೆಂಚ್‌ನಿಂದ ಕೈಪಿಡಿಯ ಅಳತೆಗೆ ಬಿಗಿಸಿ.

ಅನಂತರ ನಿಧಾನವಾಗಿ ಪಟ್ಟಣಕ್ಕೆ ಒಯ್ದು ಗಾಲಿಗಳ ಅಲೈನ್‌ಮೆಂಟ್ ಮಾಡಿಸತಕ್ಕದ್ದು. ಸರಕು ಹೇರುವುದು ಅದಾದ ಮೇಲೆ. ಒಂದೆರಡು ದಿನ ಓಡಿಸಿ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಪರೀಕ್ಷಿಸಿ.