ಅಂಗಳದಿಂದ ಅಂಗನವಾಡಿಗೆ

ಶಿಕ್ಷಣವೆಂಬುದು ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಬರೆದ ದಿನದಿಂದ ಆರಂಭವಾಗುವುದಲ್ಲ. ನಮ್ಮ ಪಾಠಶಾಲೆಗಳಿಗೆ ಬರುವ ವಿದ್ಯಾರ್ಥಿಯ ಮಾತು, ಧೈರ್ಯ, ಪ್ರಶ್ನಿಸುವ ಕುತೂಹಲ ಇವೆಲ್ಲವೂ ಆರು ವರ್ಷ ತುಂಬುವುದರೊಳಗೆ ಬಹುಮಟ್ಟಿಗೆ ಮೊಳೆತಿರುತ್ತವೆ. ಆ ಎಳವೆಯಲ್ಲಿ ಮಗುವನ್ನು ಪೋಷಿಸುವ ಸ್ಥಾನಗಳು ಎರಡು. ಒಂದು ಮನೆ, ಇನ್ನೊಂದು ಅಂಗನವಾಡಿ. ಇವೆರಡರ ನಡುವೆ ವಿಶ್ವಾಸವಿಲ್ಲದಿದ್ದರೆ ಮಗುವಿನ ಪಾಡು ಎರಡು ದೋಣಿಗಳಲ್ಲಿ ಕಾಲಿಟ್ಟವನ ಪಾಡಾಗುತ್ತದೆ. ಈ ವಿಶ್ವಾಸವು ಹುಟ್ಟುವ ಬಗೆಯನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಶಬ್ದವನ್ನೇ ನೋಡೋಣ. ಸಂಸ್ಕೃತದ 'ಅಂಗಣ' ಅಥವಾ 'ಅಂಗನ'ವೇ ಕನ್ನಡದ 'ಅಂಗಳ'. ತಾರಾಬಾಯಿ ಮೋಡಕರು (1892-1973) 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ ಶಿಶುಶಿಕ್ಷಣದ ಕಾರ್ಯವನ್ನು ಕೈಗೊಂಡರು. 1957ರಲ್ಲಿ ಅದು ಕೋಸಬಾಡಕ್ಕೆ ಸ್ಥಳಾಂತರಗೊಂಡಿತು. ಅನುತಾಯಿ ವಾಘರು ಅವರ ಸಹಕಾರಿಣಿ. ಆದಿವಾಸಿ ಮಕ್ಕಳು ಶಾಲೆಯ ಬಳಿಗೆ ಬಾರದಿದ್ದಾಗ ಈ ಮಹನೀಯರು ಮಕ್ಕಳನ್ನು ದೂಷಿಸಲಿಲ್ಲ. ಶಾಲೆಯನ್ನೇ ಅವರ ಮನೆಯಂಗಳಕ್ಕೆ ಕೊಂಡೊಯ್ದರು. ಮುಂದೆ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ನಮ್ಮ ನಾಡಿನ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದು. ಅಂಗನವಾಡಿ ಎಂಬ ಹೆಸರು ಮನೆಮಾತಾಯಿತು. ಆದರೆ ಆ ಹೆಸರಿನೊಳಗಿನ ಅಂಗಳವನ್ನು ನಾವು ಮರೆಯಬಾರದು.

ಈ ಮಾತನ್ನು ಒಂದು ನಿದರ್ಶನದಿಂದ ಸ್ಪಷ್ಟಪಡಿಸಬಹುದು. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನಲ್ಲಿ ಫಲ್ಗುಣಿ ನದಿಯ ತೀರದಲ್ಲಿ ಪೊಳಲಿ ಎಂಬ ಕ್ಷೇತ್ರವಿದೆ. ಹಳಗನ್ನಡದಲ್ಲಿ 'ಪೊಳಲ್' ಎಂದರೆ ಪಟ್ಟಣ. ಅದು ಸೇರಿರುವ ಗ್ರಾಮದ ಹೆಸರು ಕರಿಯಂಗಳ. ಹೆಸರಿನಲ್ಲಿಯೇ ಅಂಗಳದ ಧ್ವನಿ ಕೇಳಿಸುತ್ತದೆ. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಸಾಲುಗಟ್ಟಿ ನಿಂತಿಲ್ಲ. ಗದ್ದೆಯ ಅಂಚಿನಲ್ಲೊಂದು, ತೋಟದ ನಡುವೆ ಇನ್ನೊಂದು, ಗುಡ್ಡದ ಬದಿಯಲ್ಲಿ ಮತ್ತೊಂದು. ಇಂತಹ ಪ್ರದೇಶದಲ್ಲಿ ಕೇಂದ್ರವೂ ಮನೆಯೂ ಪರಸ್ಪರ ಅರಿಯುವುದು ತಾನಾಗಿ ಆಗುವ ಕೆಲಸವಲ್ಲ, ಪ್ರಯತ್ನದಿಂದ ಸಾಧಿಸಬೇಕಾದುದು.

ಅರಿಯಬೇಕಾದುದರಲ್ಲಿ ಮೊದಲನೆಯದು ಮನೆಯ ಭಾಷೆ. ಪೊಳಲಿಯ ಪರಿಸರದ ಬಹುಪಾಲು ಮಕ್ಕಳ ಮನೆಮಾತು ತುಳು. ಬ್ಯಾರಿ, ಕೊಂಕಣಿ ಮಾತನಾಡುವ ಮನೆಗಳೂ ಉಂಟು. ತುಳುವಿನಲ್ಲಿ ತಾಯಿಗೆ 'ಅಪ್ಪೆ' ಎಂದೂ ತಂದೆಗೆ 'ಅಮ್ಮೆ' ಎಂದೂ ಹೆಸರು. ಮೂರು ವರ್ಷದ ಮಗುವಿಗೆ ಕನ್ನಡದ 'ಅಪ್ಪ, ಅಮ್ಮ' ಎಂಬ ಮೊದಲ ಪಾಠವೇ ತಲೆಕೆಳಗಾಗಿ ತೋರುವುದು ಸಹಜ. ಮಗುವಿನ ಮೌನವನ್ನು ಮಂದಮತಿಯೆಂದು ಎಣಿಸಿದರೆ ಅದು ಮಗುವಿಗೂ ಮನೆಗೂ ಮಾಡಿದ ಅನ್ಯಾಯ. "ಅಕ್ಕ, ಬಾಲೆ ಎಂಚ ಉಂಡು?" ಎಂದು ಟೀಚರು ತಾಯಿಯನ್ನು ಅವಳ ಮಾತಿನಲ್ಲಿಯೇ ವಿಚಾರಿಸಿದರೆ ಆಕೆಯ ಸಂಕೋಚ ಅರ್ಧ ಕರಗುತ್ತದೆ. ಮನೆಮಾತಿನ ಹೆಗಲೇರಿ ಬಂದ ಕನ್ನಡವು ಗಟ್ಟಿಯಾಗಿ ನಿಲ್ಲುತ್ತದೆ. ಕನ್ನಡವನ್ನೇ ಬೋಧಿಸುವ ವೃತ್ತಿಯವನಾಗಿ ಇದನ್ನು ಒತ್ತಿ ಹೇಳುತ್ತೇನೆ.

ಎರಡನೆಯದು ಮನೆಯ ದುಡಿಮೆ. ಈ ತಾಲೂಕಿನ ಹಲವು ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ಕಟ್ಟಿದ ಬೀಡಿಯನ್ನು ನಿಗದಿಯಾದ ಹೊತ್ತಿಗೆ ಬ್ರಾಂಚಿಗೆ ಒಪ್ಪಿಸದಿದ್ದರೆ ಆ ದಿನದ ಗಳಿಕೆಗೇ ಸಂಚಕಾರ. ಅದೇ ಹೊತ್ತಿಗೆ ಕರೆದ ತಾಯಂದಿರ ಸಭೆಗೆ ಆಕೆ ಬಾರದಿದ್ದರೆ ಅದು ಉದಾಸೀನವಲ್ಲ, ಅನ್ನದ ಪ್ರಶ್ನೆ. ಸಭೆಯ ವೇಳೆಯನ್ನು ಗೊತ್ತುಮಾಡುವ ಮೊದಲು ಆಕೆಯನ್ನೇ ಕೇಳಬೇಕು. ಮಳೆಗಾಲದಲ್ಲಿ ತೋಡು ತುಂಬಿ ಹರಿದಾಗ ಮಗು ಬಾರದಿದ್ದರೆ ಗೈರುಹಾಜರಿ ಬರೆದು ಸುಮ್ಮನಾಗದೆ ಮನೆಯವರೆಗೆ ಹೋಗಿ ವಿಚಾರಿಸಬೇಕು.

ಮೂರನೆಯದು ಮನೆಯ ಹಿರಿತನ ಮತ್ತು ಮಾನ. ತಾಯಿತಂದೆಗಳಷ್ಟೇ ಕುಟುಂಬವಲ್ಲ. ಅಳಿಯಸಂತಾನ ಪದ್ಧತಿಯು ರೂಢಿಯಲ್ಲಿದ್ದ ಈ ನಾಡಿನಲ್ಲಿ ಅಜ್ಜಿಯ ಹಾಗೂ ಸೋದರಮಾವನ ಮಾತಿಗೆ ವಿಶೇಷ ಬೆಲೆ. ಮಗುವಿಗೆ ಏನನ್ನು ಉಣಿಸಬೇಕು, ಚುಚ್ಚುಮದ್ದು ಹಾಕಿಸಬೇಕೇ ಎಂಬುದನ್ನು ಎಷ್ಟೋ ವೇಳೆ ನಿರ್ಣಯಿಸುವವಳು ಅಜ್ಜಿ. ಅವಳನ್ನು ಬಿಟ್ಟು ತಾಯಿಗೆ ಮಾತ್ರ ಉಪದೇಶಿಸಿದರೆ ಫಲವಿಲ್ಲ. ಮಗುವನ್ನು ತೂಗಿದಾಗ ತೂಕ ಕಡಿಮೆಯೆಂದು ಕಂಡರೆ ಹತ್ತು ಜನರ ಮುಂದೆ ಅದನ್ನು ಸಾರಬಾರದು. ಹಾಗೆ ನಾಚಿಕೆಗೊಂಡ ತಾಯಿ ಮರುತಿಂಗಳು ಮಗುವನ್ನು ಕರೆತರಲು ಹಿಂಜರಿಯುವಳು. ಆಗ ಹಾನಿ ತಟ್ಟುವುದು ಮಗುವಿನ ದೇಹಕ್ಕೇ.

ಮನೆಯವರಿಗೂ ಕರ್ತವ್ಯವಿಲ್ಲದಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಗುವಿಗೆ ಅಂಗನವಾಡಿಯ ಆಹಾರವು ಹಕ್ಕಾಗಿದೆ. ಆದರೆ ಅಂಗನವಾಡಿಯನ್ನು ಅನ್ನ ಬಡಿಸುವ ಚಾವಡಿಯೆಂದಷ್ಟೇ ಕಾಣಬಾರದು. ಆಟ, ಹಾಡು, ಕಥೆಗಳೂ ಅಲ್ಲಿಯ ಊಟವೇ. ರಾತ್ರಿ ಮಗು ಅತ್ತಿತೇ, ಜ್ವರ ಬಂದಿತೇ, ಮನೆಯಲ್ಲಿ ಕಲಹವಾಯಿತೇ ಎಂಬುದನ್ನು ಬೆಳಗ್ಗೆ ಎರಡು ಮಾತಿನಲ್ಲಿ ತಿಳಿಸಿದರೆ ಟೀಚರಿಗೆ ಅದು ದೊಡ್ಡ ನೆರವು. ಬಾಲವಿಕಾಸ ಸಮಿತಿಯು ಸಹಿ ಹಾಕುವ ಸಭೆಯಾಗದೆ ಮನೆಯವರು ಮನಬಿಚ್ಚಿ ಮಾತನಾಡುವ ಸ್ಥಳವಾಗಲಿ.

ದಾನಿಗಳಲ್ಲಿಯೂ ಒಂದು ವಿಜ್ಞಾಪನೆ. ಗೋಡೆಗೆ ಬಣ್ಣ, ಬಾಗಿಲಿಗೆ ನಾಮಫಲಕ ಇವು ಬೇಡವೆನ್ನಲಾರೆ. ಆದರೆ ಮಗುವನ್ನು ಕರೆತಂದ ಅಜ್ಜಿ ಕುಳಿತುಕೊಳ್ಳಲು ಒಂದು ಜಗಲಿ, ತೋಡು ದಾಟಲು ಭದ್ರವಾದ ಒಂದು ಕಾಲುಸಂಕ, ಇವು ಮನೆಯನ್ನೂ ಕೇಂದ್ರವನ್ನೂ ಹತ್ತಿರ ತರುವ ದಾನಗಳು.

ಪೊಳಲಿಯ ಶ್ರೀ ರಾಜರಾಜೇಶ್ವರಿಯ ಮೂರ್ತಿಯು ಮೃಣ್ಮಯವಾದುದು. ಕಾಲಕಾಲಕ್ಕೆ ಅದಕ್ಕೆ ಲೇಪ ಸಲ್ಲುತ್ತದೆ. ಮನೆ ಮತ್ತು ಅಂಗನವಾಡಿಯ ಬಾಂಧವ್ಯವೂ ಅಂತಹುದೇ. ಒಂದು ದಿನದ ಉತ್ಸವದಿಂದ ಅದು ಸಿದ್ಧಿಸದು. ದಿನದಿನದ ಆರೈಕೆಯಿಂದಲೇ ಉಳಿಯಬೇಕು. ಮನೆಯನ್ನು ಕೇಂದ್ರಕ್ಕೆ ಕರೆಯುವ ಮುನ್ನ ಕೇಂದ್ರವು ಮನೆಯ ಅಂಗಳವನ್ನು ಒಮ್ಮೆ ಮೆಟ್ಟಲಿ. ಹಾಗೆ ಬೆಳೆದ ಮಕ್ಕಳು ನಾಳೆ ನಮ್ಮ ಶಾಲೆಗಳ ಬಾಗಿಲಿಗೆ ಬಂದಾಗ ಅಂಜದೆ ಒಳಗೆ ಬರುವರು.