ಇನ್ಸುಲಿನ್ ತಯಾರಾಗುವ ಬಗೆ

ಸಕ್ಕರೆ ಕಾಯಿಲೆಯವರಿರುವ ಮನೆಗಳಲ್ಲಿ ಇನ್ಸುಲಿನ್ ಎಂಬ ಹೆಸರು ಎಲ್ಲರಿಗೂ ಪರಿಚಿತ. ದೇಹ ಅದನ್ನು ಹೇಗೆ ತಯಾರಿಸುತ್ತದೆಂದು ತಿಳಿದರೆ, ಕೆಲವರಿಗೆ ಚುಚ್ಚುಮದ್ದು ಏಕೆ ಅನಿವಾರ್ಯ ಎಂಬುದೂ ನಿಮಗೆ ಅರ್ಥವಾಗುತ್ತದೆ.

ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳೇ ಇದರ ಕಾರ್ಖಾನೆ. ಕೋಶಕೇಂದ್ರದ ಡಿ.ಎನ್.ಎ.ಯಲ್ಲಿರುವ ಸೂತ್ರದ ನಕಲು ಆರ್.ಎನ್.ಎ. ರೂಪದಲ್ಲಿ ಹೊರಬರುತ್ತದೆ. ರೈಬೋಸೋಮ್ ಎಂಬ ಸೂಕ್ಷ್ಮ ಕಣಗಳು ಅದನ್ನು ಓದುತ್ತ, ಹೂವು ಪೋಣಿಸಿದಂತೆ 110 ಅಮೈನೋ ಆಮ್ಲಗಳನ್ನು ಸಾಲಾಗಿ ಜೋಡಿಸುತ್ತವೆ. ಮೊದಲ 24 ಆಮ್ಲಗಳು ವಿಳಾಸದ ಚೀಟಿಯಿದ್ದಂತೆ. ಅವು ಸರವನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲದೊಳಕ್ಕೆ ಒಯ್ದ ಮೇಲೆ ಕತ್ತರಿಸಲ್ಪಡುತ್ತವೆ. ಉಳಿದ ಸರ ಅಲ್ಲಿ ಸರಿಯಾಗಿ ಮಡಚಿಕೊಂಡು, ಮೂರು ಕಡೆ ಗಂಧಕದ ಬೆಸುಗೆ ಪಡೆಯುತ್ತದೆ. ಇದೇ ಪ್ರೊಇನ್ಸುಲಿನ್. ಇದನ್ನು 1967ರಲ್ಲಿ ಷಿಕಾಗೋದ ಡೊನಾಲ್ಡ್ ಸ್ಟೈನರ್ ಬೆಳಕಿಗೆ ತಂದರು.

ಮುಂದಿನ ಠಾಣೆ ಗಾಲ್ಜಿ. ಅಲ್ಲಿ ಪ್ರೊಇನ್ಸುಲಿನ್ ಪುಟ್ಟ ಚೀಲಗಳಲ್ಲಿ ತುಂಬಲ್ಪಡುತ್ತದೆ. ಚೀಲದೊಳಗಿನ ಕಿಣ್ವಗಳು ಸರದ ನಡುವಣ ತುಂಡನ್ನು ಕತ್ತರಿಸಿದಾಗ 51 ಅಮೈನೋ ಆಮ್ಲಗಳ ಇನ್ಸುಲಿನ್ ಸಿದ್ಧವಾಗುತ್ತದೆ. ಕತ್ತರಿಸಿದ ತುಂಡಿಗೆ ಸಿ-ಪೆಪ್ಟೈಡ್ ಎಂದು ಹೆಸರು. ಊಟದ ನಂತರ ರಕ್ತದಲ್ಲಿ ಸಕ್ಕರೆ ಏರಿದಾಗ ಚೀಲಗಳು ತೆರೆದು ಎರಡೂ ಸಮಸಂಖ್ಯೆಯಲ್ಲಿ ರಕ್ತ ಸೇರುತ್ತವೆ.

ಈ ತುಂಡು ವೈದ್ಯರಿಗೆ ಒಳ್ಳೆಯ ಸಾಕ್ಷಿ. ಚುಚ್ಚುಮದ್ದಿನ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ಆದ್ದರಿಂದ ಇನ್ಸುಲಿನ್ ಚುಚ್ಚಿಸಿಕೊಳ್ಳುವವರಲ್ಲೂ ದೇಹ ಸ್ವಂತವಾಗಿ ಎಷ್ಟು ತಯಾರಿಸುತ್ತಿದೆ ಎಂಬುದನ್ನು ಸಿ-ಪೆಪ್ಟೈಡ್ ರಕ್ತಪರೀಕ್ಷೆ ತಿಳಿಸುತ್ತದೆ. ಮೂತ್ರಪಿಂಡದ ತೊಂದರೆಯಿದ್ದರೆ ಫಲಿತಾಂಶ ಹೆಚ್ಚಾಗಿ ತೋರಬಹುದು. ಹಾಗಾಗಿ ಅದನ್ನು ನೀವೇ ಅರ್ಥೈಸಲು ಹೋಗದೆ ವೈದ್ಯರಿಗೆ ಬಿಡಿ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್-1 ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಕಾರ್ಖಾನೆಯೇ ಹಾಳಾದ ಮೇಲೆ ಹಾಗಲಕಾಯಿ ರಸವಾಗಲಿ ಕಟ್ಟುನಿಟ್ಟಿನ ಪಥ್ಯವಾಗಲಿ ಇನ್ಸುಲಿನ್‌ಗೆ ಬದಲಿಯಾಗಲಾರದು. ಯಾರದೋ ಮಾತು ಕೇಳಿ ಮಗುವಿನ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ.

ಇನ್ಸುಲಿನ್ ನುಂಗಿದರೆ ಸಾಲದೇ ಎಂದು ನೀವು ಕೇಳಬಹುದು. ಅದೂ ಪ್ರೋಟೀನೇ ಆದುದರಿಂದ ಬೇಳೆಯ ಪ್ರೋಟೀನಿನಂತೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ತೆರೆಯದ ಸೀಸೆಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಫ್ರೀಜರಿನಲ್ಲಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸಲು ಯೋಗ್ಯವಲ್ಲ.